ಕುಂಬಳಕಾಯಿಗೆ ಮೊದಲ ಏಟು

ಯಡಿಯೂರು
2 ನವೆಂಬರ್ 2025, ಭಾನುವಾರ

ಅಣ್ಣ ನರೇಂದ್ರನಿಗೆ,

ಸಮಸ್ತ ದಕ್ಷಿಣ ಬೆಂಗಳೂರಿನ ನಾಗರಿಕರಿಗೆ, ಅದರಲ್ಲೂ ಬಿಳೇಕಹಳ್ಳಿಯಲ್ಲಿ ವಾಸವಾಗಿರುವ, ಅರವತ್ತೊಂಬತ್ತು ವರ್ಷ ವಯಸ್ಸಿನ, ಮದುವೆಯಾಗದ, ನಿವೃತ್ತ ಡ್ರಾಫ್ಟ್ಸ್‌ಮನ್ ಒಬ್ಬರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಒಂದು ಸಿಹಿಗುಂಬಳಕಾಯಿ ಪೂರ್ತಿ ಬಲಿತು ಸಿದ್ಧವಾಗಿದೆ. ತೂಕ ಏಳೂವರೆ ಕೆಜಿ. ಹಳೇ ಪೇಪರ್ ಕೊಳ್ಳುವವನ ತಕ್ಕಡಿಯಲ್ಲಿ ತೂಗಿಸಿದ್ದರಿಂದ ನಿಜವಾದ ತೂಕ ಎಂಟೂವರೆ ಇದ್ದರೂ ಇರಬಹುದು. ಬಣ್ಣ ಕಾವಿ. ಸ್ವಭಾವ ಗಂಭೀರ. ಹೊಟ್ಟೆ ನಿನ್ನದರಂತೆಯೇ ಒಂದು ಕಡೆಗೆ ವಾಲಿದೆ.

ನಾನು ನಿನ್ನ ಜೊತೆ ಮಾತು ಬಿಟ್ಟು ಒಂದು ವರ್ಷವಾಯಿತು ಎಂಬುದು ನನಗೆ ಮರೆತಿಲ್ಲ. ಆದರೆ ನಾನು ಬಿಟ್ಟದ್ದು ಮಾತು. ಕಾಗದ ಬರೆಯುವುದಿಲ್ಲ ಎಂದು ಎಲ್ಲೂ ಹೇಳಿಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತಿಗೆಲ್ಲ ತಂತಿ ಜೋಡಿಸಿದವಳು ನಾನು. ಯಾವುದು ಮಾತು, ಯಾವುದು ಅಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಂದ ನಿಮ್ಮ ಮನೆಗೆ ಕಾಗದ ತಲುಪಲು ಮೂರು ದಿನ ಬೇಕು ಎಂದು ಪೋಸ್ಟಾಫೀಸಿನಲ್ಲಿ ಹೇಳಿದರು. ಆರೇಳು ಕಿಲೋಮೀಟರಿಗೆ ಮೂರು ದಿನವೇ ಎಂದು ನಗಬೇಡ. ಬನ್ನೇರುಘಟ್ಟ ರಸ್ತೆಯ ಸಂಜೆಯ ಟ್ರಾಫಿಕ್ಕಿಗೆ ಹೋಲಿಸಿದರೆ ಅಂಚೆಯೇ ವಾಸಿ.

ಈಗ ವಿಷಯ. ನಮ್ಮ ಮನೆತನದ ಕಾನೂನು ನಿನಗೆ ಗೊತ್ತು. ಇಡೀ ಕುಂಬಳಕಾಯಿಗೆ ಹೆಂಗಸರು ಚಾಕು ಇಡುವಂತಿಲ್ಲ. ಗಂಡಸೊಬ್ಬ ಮೊದಲ ಏಟು ಹಾಕಿ ಎರಡು ಹೋಳು ಮಾಡಿಕೊಡಬೇಕು. ಆಮೇಲೆ ಆ ಎರಡನ್ನು ಇನ್ನೂರು ಮಾಡುವುದಕ್ಕೆ, ಸಿಪ್ಪೆ ಹೆರೆಯುವುದಕ್ಕೆ, ಬೇಯಿಸಿ ಬಡಿಸಿ ಪಾತ್ರೆ ಬೆಳಗುವುದಕ್ಕೆ ಹೆಂಗಸರಿಗೆ ಪೂರ್ಣ ಸ್ವಾತಂತ್ರ್ಯವಿದೆ. ಯಾಕೆ ಹೀಗೆ ಎಂದು ನಾನೊಮ್ಮೆ ಅಮ್ಮನನ್ನು ಕೇಳಿದ್ದಕ್ಕೆ, "ಕುಂಬಳಕಾಯಿ ಅಂದ್ರೆ ಮನೆಗೆ ಹಿರೀಮಗ ಇದ್ದ ಹಾಗೆ ಕಣೆ, ಹೆಣ್ಣುಮಕ್ಳು ಅದರ ಮೇಲೆ ಕತ್ತಿ ಎತ್ತಬಾರ್ದು" ಎಂದಿದ್ದಳು. ನಿಜವಾದ ಹಿರಿಮಗನಾದ ನೀನು ಆಗ ಪಕ್ಕದಲ್ಲೇ ಕೂತು ಡಬ್ಬಿಯಿಂದ ಬೆಲ್ಲ ಕದಿಯುತ್ತಿದ್ದೆ. ಕತ್ತಿ ಯಾರ ಮೇಲೆ ಎತ್ತಬೇಕಾಗಿತ್ತು ಎಂಬ ಬಗ್ಗೆ ನನಗೆ ಈಗಲೂ ಅನುಮಾನವಿದೆ.

ನಮ್ಮ ಮನೆಯಲ್ಲಿದ್ದ ಒಬ್ಬರೇ ಗಂಡಸರು, ನಮ್ಮ ಯಜಮಾನರು, ಹೋದ ವರ್ಷದ ಅಕ್ಟೋಬರಿನಿಂದ ಗೋಡೆಯ ಮೇಲೆ ಫೋಟೋದಲ್ಲಿದ್ದಾರೆ. ಚಾಕು ಹಿಡಿಯುವ ಸ್ಥಿತಿಯಲ್ಲಿಲ್ಲ. ಮಕ್ಕಳಂತೂ ನಮಗಾಗಲಿಲ್ಲ. ಆದ್ದರಿಂದ ಈ ತಿಂಗಳಿನ ಯಾವುದಾದರೂ ಭಾನುವಾರ ನೀನು ಖುದ್ದಾಗಿ ಬಂದು ಒಂದು ಏಟು ಹಾಕಿ ಹೋಗತಕ್ಕದ್ದು. ಮಾತಾಡುವ ಅಗತ್ಯವಿಲ್ಲ. ಕಾಫಿ ಕೊಡಲಾಗುವುದು.

ಇತಿ,
ಮಾತು ಬಿಟ್ಟ ತಂಗಿ
ಸುಧಾಮಣಿ


ಬಿಳೇಕಹಳ್ಳಿ
9 ನವೆಂಬರ್ 2025

ತಂಗಿ ಸುಧಾಮಣಿಗೆ ಆಶೀರ್ವಾದಗಳು.

ನಿನ್ನ ರಾಜಾಜ್ಞೆ ತಲುಪಿತು. ಕುಂಬಳಕಾಯಿಯ ಜನನಕ್ಕೆ ನನ್ನ ಹಾರ್ದಿಕ ಅಭಿನಂದನೆಗಳು. ಕಾಯಿ ಮತ್ತು ಬಳ್ಳಿ ಎರಡೂ ಕ್ಷೇಮವೆಂದು ನಂಬಿದ್ದೇನೆ.

ಬರಬೇಕೆಂಬ ಆಸೆ ಬಹಳವಿದೆ. ಆದರೆ ನಮ್ಮ ಬೀದಿಯನ್ನು ಅಗೆದಿದ್ದಾರೆ. ಯಾಕೆ ಅಗೆದರೆಂದು ಅಗೆದವರಿಗೂ ಗೊತ್ತಿಲ್ಲ. ಮನೆ ಬಿಟ್ಟು ಮುಖ್ಯರಸ್ತೆ ಮುಟ್ಟಬೇಕಾದರೆ ಎರಡು ಹಲಗೆ, ಒಂದು ಮಣ್ಣಿನ ಗುಡ್ಡ ದಾಟಬೇಕು. ಅದೂ ಅಲ್ಲದೆ ನನಗೆ ಮೊಣಕಾಲು ನೋವು. ಅದೂ ಅಲ್ಲದೆ ಪಂಚಾಂಗದ ಪ್ರಕಾರ ಈ ತಿಂಗಳು ನನ್ನ ರಾಶಿಯವರು ಹರಿತವಾದ ವಸ್ತುಗಳಿಂದ ದೂರವಿರಬೇಕಂತೆ. ಪಂಚಾಂಗವನ್ನು ನಾನು ಯಾವಾಗಿನಿಂದ ನಂಬತೊಡಗಿದೆ ಎಂದು ಕೇಳಬೇಡ. ಈ ತಿಂಗಳಿನಿಂದ.

ನಿಮ್ಮ ಪಕ್ಕದ ಮನೆಯ ನೀಲಕಂಠಪ್ಪನವರಿದ್ದಾರಲ್ಲ. ಅವರೂ ಗಂಡಸರೇ ಎಂದು ನನ್ನ ತಿಳಿವಳಿಕೆ. ಅವರಿಂದ ಒಂದು ಏಟು ಹಾಕಿಸಿಕೊಳ್ಳುವುದು. ಕಾಯಿಗೆ ಯಾರ ಏಟಾದರೇನು?

ಇನ್ನೊಂದು ಮಾತು. ನೀನು ಅದನ್ನು ಹುಳಿ ಮಾಡುವ ಯೋಚನೆಯಲ್ಲಿದ್ದರೆ ಈಗಲೇ ನನ್ನ ಆಕ್ಷೇಪಣೆ ದಾಖಲಿಸುತ್ತೇನೆ. ಹುಟ್ಟಿನಿಂದಲೇ ಸಿಹಿಯಾಗಿರುವ ಒಂದು ಸಾಧು ತರಕಾರಿಯನ್ನು ಹಿಡಿದುಕೊಂಡು ಬಂದು ಹುಣಸೆಹಣ್ಣಿನಲ್ಲಿ ಮುಳುಗಿಸಿ, ಮೇಲೆ ಮೆಣಸಿನಕಾಯಿ ಅರೆದು ಹಾಕುವುದು ಯಾವ ನ್ಯಾಯ? ಅದು ಹಲ್ವ ಆಗುವುದಕ್ಕೆ ಹುಟ್ಟಿದ್ದು. ತುಪ್ಪದಲ್ಲಿ ಹುರಿದು, ಅದರ ನೀರಲ್ಲೇ ಅದನ್ನು ಬೇಯಿಸಿ, ಏಲಕ್ಕಿ ಹಾಕಿ, ಸುಮ್ಮನೆ ಬಿಟ್ಟುಬಿಡಬೇಕು.

ಇತಿ ನಿನ್ನ ಅಣ್ಣ,
ನರೇಂದ್ರ

(ಆಂಟಿ, ನಮಸ್ಕಾರ್ರಿ. ನಾನು ರಾಜಶ್ರೀ. ಅಂಕಲ್ ಮನಿ ಮ್ಯಾಲಿನ ಮನಿಯಾಗ ಬಾಡಗಿಗೆ ಇದ್ದೇವ್ರಿ. ನಮ್ಮೂರು ಗದಗ ಕಡೆ. ಅಂಕಲ್ ಹೇಳ್ತಾರ, ನಾ ಬರಕೋತ ಹೋಗತೇನಿ. ಮೊಣಕಾಲು ನೋವು ಅಂತ ಬರಿ ಅಂದ್ರು, ಬರದೇನಿ. ಮೊಣಕಾಲು ಛಲೋ ಅದಾವ್ರಿ. ಇದಿಷ್ಟು ನಾ ಅವರಿಗೆ ಓದಿ ಹೇಳಿಲ್ಲ.)


ಯಡಿಯೂರು
16 ನವೆಂಬರ್ 2025

ಅಣ್ಣ,

ನಿನ್ನ ಪತ್ರ ಸಿಕ್ಕಿತು. ನಿನ್ನ ಪತ್ರ ಎನ್ನಬೇಕೋ, ನಿನ್ನ ಕಾರ್ಯಾಲಯದಿಂದ ಹೊರಟ ಪತ್ರ ಎನ್ನಬೇಕೋ ತಿಳಿಯಲಿಲ್ಲ.

ಕವರಿನ ಮೇಲಿನ ವಿಳಾಸ ನೋಡಿಯೇ ನಾನು ಪೋಸ್ಟ್‌ಮನ್‌ನನ್ನು ವಾಪಸ್ ಕರೆದೆ. "ಇದು ನಂದಲ್ಲಪ್ಪ, ಅಕ್ಷರ ನಮ್ಮೋರದ್ದಲ್ಲ" ಎಂದೆ. ಅವನು, "ಅಕ್ಷರ ಯಾರ್ದಾದ್ರೇನು ಮೇಡಂ, ಹೆಸರು ನಿಮ್ದೇ ತಾನೆ" ಎಂದು ಹೋದ. ನನ್ನ ಮದುವೆಗೆ ನಾನೂರ ಹತ್ತು ಲಗ್ನಪತ್ರಿಕೆಯ ಮೇಲೆ ನೀನೊಬ್ಬನೇ ಕೂತು ವಿಳಾಸ ಬರೆದಿದ್ದೆ. ಊಟಕ್ಕೆ ಬಂದ ಅರ್ಧ ಜನ ಕವರ್ ಎಸೆಯಲು ಮನಸ್ಸಾಗಲಿಲ್ಲ ಎಂದು ಹೇಳಿದ್ದರು. ನೀನು ಹಾಲಿನವನಿಗೆ ಚೀಟಿ ಬರೆದರೂ ಕೆಳಗೆ ಗೆರೆ ಎಳೆದು ಬರೆಯುವವನು. ಅಂಥವನಿಗೆ ಒಬ್ಬಳೇ ಒಬ್ಬಳು ತಂಗಿಗೆ ನಾಲ್ಕು ಸಾಲು ಬರೆಯುವುದಕ್ಕೆ ಈಗ ಸೆಕ್ರೆಟರಿ ಬೇಕು. ಆ ಹುಡುಗಿ ಪಾಪ ಒಳ್ಳೆಯವಳ ಹಾಗೆ ಕಾಣುತ್ತಾಳೆ. ಮೊಣಕಾಲಿನ ಬಗ್ಗೆ ಸತ್ಯ ನುಡಿದಿದ್ದಾಳೆ. ಅವಳನ್ನು ಬೈಯಬೇಡ.

ನೀಲಕಂಠಪ್ಪನವರನ್ನು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಅವರು ಒಂದು ಏಟು ಹಾಕಿದರೆ ಅದರ ವೀರಗಾಥೆಯನ್ನು ಯಡಿಯೂರು ಕೆರೆ ಸುತ್ತ ವಾಕಿಂಗ್ ಬರುವವರಿಗೆಲ್ಲ ಯುಗಾದಿಯವರೆಗೆ ಹೇಳುತ್ತಾರೆ.

ಹುಳಿಯ ಬಗ್ಗೆ ನಿನ್ನ ಆಕ್ಷೇಪಣೆಯನ್ನು ವಜಾ ಮಾಡಲಾಗಿದೆ. ಏಳೂವರೆ ಕೆಜಿಯನ್ನು ಹಲ್ವ ಮಾಡಿದರೆ ತಿನ್ನುವುದಕ್ಕೆ ನಾವು ಒಂದು ಸಂಸ್ಥಾನ ಕಟ್ಟಬೇಕು. ನನ್ನ ಯೋಜನೆ ಹೀಗಿದೆ. ಒಂದು ಪಾಲು ಹುಳಿಗೆ: ತೊಗರಿಬೇಳೆ, ಕೊತ್ತಂಬರಿ ಬೀಜ, ಮೆಂತ್ಯ, ಹಸಿ ತೆಂಗಿನಕಾಯಿ, ಕೊನೆಗೆ ಒಂದು ಚೂರು ಬೆಲ್ಲ, ನಿನ್ನ ಸಮಾಧಾನಕ್ಕೆ. ಇನ್ನೊಂದು ಪಾಲು ಪಲ್ಯ, ಸಾಸಿವೆ ಕಾಯಿತುರಿ ಅರೆದು ಹಾಕಿ. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ ಉದ್ದಿನಬೇಳೆ, ಒಣಮೆಣಸಿನಕಾಯಿ ಜೊತೆ ಚಟ್ನಿ. ಬೀಜ ತೊಳೆದು ಒಣಗಿಸಿ, ಉಪ್ಪು ಹಾಕಿ ಹುರಿಯುವುದು. ಒಳಗಿನ ನಾರನ್ನೂ ಬಿಸಾಡುವುದಿಲ್ಲ, ಅದು ಮೊಸರಿನಲ್ಲಿ ತಂಬುಳಿಗೆ. ಕುಂಬಳಕಾಯಿಯಲ್ಲಿ ಎಸೆಯುವಂಥದ್ದು ಅಂದರೆ ತೊಟ್ಟು ಮಾತ್ರ. ಮನುಷ್ಯರಲ್ಲಿ ಎಷ್ಟು ಜನರ ಬಗ್ಗೆ ಹೀಗೆ ಹೇಳಬಹುದು?

ಉಳಿದ ಅರ್ಧ ಹಲ್ವಕ್ಕೆ. ಇದಿಷ್ಟನ್ನೂ ಮಾಡುವವಳು ನಾನು. ನಿನ್ನಿಂದ ಕೇಳುತ್ತಿರುವುದು ಒಂದು ಏಟು.

ಈಗ ಇನ್ನೊಂದು ವಿಷಯ. ಬರೆಯಬಾರದು ಎಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಹೋದ ವರ್ಷ ಅವರ ಹನ್ನೊಂದನೇ ದಿನ ಹಿತ್ತಲಲ್ಲಿ ಇದೇ ಥರದ ಒಂದು ಕುಂಬಳಕಾಯಿಯನ್ನು ನಾನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ನೀನು ಚಾಕು ಎತ್ತಿದೆ. ಎತ್ತಿ ನಿಂತೆ. ಆಮೇಲೆ ಕೆಳಗಿಟ್ಟು, "ನಾನೇನು ಅಡುಗೆ ಭಟ್ಟನಾ? ಯಾರಾದ್ರೂ ಕೊಯ್ಕೊಳ್ಳಿ" ಎಂದು ನಲವತ್ತು ಜನ ನೆಂಟರ ಮುಂದೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಊಟವನ್ನೂ ಮಾಡದೆ ಹೊರಟುಹೋದೆ. ನನಗೆ ಇರುವವನು ನೀನೊಬ್ಬ. ಆ ದಿನ ನಿನ್ನ ಎಲೆ ಹಾಗೇ ಇತ್ತು. ಯಾಕೆ ಹಾಗೆ ಮಾಡಿದೆ ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಮಾತು ಬಿಟ್ಟದ್ದು ಅದಕ್ಕೆ.

ಕಾಯಿ ಒಡೆಯದಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ನನಗೆ ಅಷ್ಟು ಪುರುಸೊತ್ತಿಲ್ಲ.

ಸುಧಾಮಣಿ


ಬಿಳೇಕಹಳ್ಳಿ
23 ನವೆಂಬರ್ 2025

ತಂಗಿ ಸುಧಾಮಣಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿಸಿಕೊಂಡೆ.

ಈ ಪತ್ರದ ಬೆನ್ನಿಗೇ ಬರಲಿರುವ ಶ್ರೀಯುತ ಹನಮಂತ ಅವರು ರಾಜಶ್ರೀಯ ಗಂಡ. ವಯಸ್ಸು ಮೂವತ್ತೊಂದು, ಆರೋಗ್ಯವಂತ, ದಿನವೂ ದಂಡ ಹೊಡೆಯುವವನು. ನಮ್ಮ ಮನೆತನದ ಸಮಸ್ತ ಕುಂಬಳಕಾಯಿಗಳ ಮೇಲೆ ನನಗಿರುವ ಮೊದಲ ಏಟಿನ ಹಕ್ಕನ್ನು ಈ ಒಂದು ಕಾಯಿಯ ಮಟ್ಟಿಗೆ ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ, ಅವನಿಗೆ ವಹಿಸಿಕೊಟ್ಟಿದ್ದೇನೆ. ಅವನು ಹಾಕುವ ಏಟನ್ನು ನಾನೇ ಹಾಕಿದ್ದೆಂದು ಭಾವಿಸತಕ್ಕದ್ದು. ಮೂವತ್ತನೇ ತಾರೀಕು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾನೆ. ಚಾಕು ಅವನೇ ತರುತ್ತಾನೆ.

ಹುಳಿಗೆ ಬೆಲ್ಲ ಒಂದು ಚೂರು ಸಾಲದು.

ಇತಿ,
ನರೇಂದ್ರ

(ಆಂಟಿ, ನೀವು ಬರದ ಹನ್ನೊಂದನೇ ದಿನದ ಸುದ್ದಿ ನಾನ ಓದಿ ಹೇಳಿದೆ. ಓದಿ ಮುಗಿಸಿದ ಮ್ಯಾಲ ಇನ್ನೊಮ್ಮೆ ಓದು ಅಂದ್ರು. ಅದಕ್ಕ ಉತ್ತರ ಏನ್ ಬರೀಲ್ರಿ ಅಂತ ಕೇಳಿದೆ. ಹನಮಂತನ್ನ ಕಳಸ್ತೀನಿ ಅಂತ ಬರಿ ಅಂದ್ರು.)


ಯಡಿಯೂರು
1 ಡಿಸೆಂಬರ್ 2025

ಅಣ್ಣ,

ನಿನ್ನ ಅಧಿಕೃತ ಪ್ರತಿನಿಧಿ ನಿನ್ನೆ ಹೇಳಿದ ಹೊತ್ತಿಗೆ ಹಾಜರಾದ. ಒಂದು ಕೈಯಲ್ಲಿ ವಿಳಾಸದ ಚೀಟಿ, ಇನ್ನೊಂದು ಕೈಯಲ್ಲಿ ಪೇಪರ್ ಸುತ್ತಿದ ಮೊಳದುದ್ದದ ಚಾಕು. ಬಾಗಿಲಲ್ಲಿ ನಿಂತು, ಇಡೀ ಬೀದಿಗೆ ಕೇಳುವಂತೆ, "ಅಕ್ಕಾರ, ಕಡಿಯಾಕ ಬಂದೇನ್ರಿ" ಎಂದ. ಎದುರು ಮನೆಯವರು ಕಿಟಕಿ ಹಾಕಿಕೊಂಡರು.

ಒಳ್ಳೆಯ ಹುಡುಗ. ತಾರಸಿಗೆ ಕರೆದುಕೊಂಡು ಹೋದೆ. ಕಾಯಿಯನ್ನು ನೋಡಿ ಮೊದಲು ಕೈ ಮುಗಿದ. ಆಮೇಲೆ ಅದನ್ನು ಮಣೆಯ ಮೇಲಿಟ್ಟು, ತೊಟ್ಟಿನ ಕಡೆ ತಿರುಗಿಸಿ, ಚಾಕು ಎತ್ತಿದ. ಅವನ ಕೈ ನೋಡಿದೆ. ಗಟ್ಟಿ ಕೈ, ಸರಿಯಾದ ಜಾಗ, ಒಂದೇ ಏಟಿಗೆ ಎರಡಾಗುವುದರಲ್ಲಿ ಅನುಮಾನವಿರಲಿಲ್ಲ.

"ತಡಿಯಪ್ಪ," ಎಂದೆ.

"ಯಾಕ್ರಿ ಅಕ್ಕಾರ?"

"ಬೇಡ. ಚಾಕು ಇಳಿಸು."

"ಏನರ ತಪ್ಪಾತೇನ್ರಿ? ಪತ್ರದಾಗ ಎಲ್ಲಾ ಬರದೈತಲ್ರಿ. ಅಂಕಲ್ ಪರವಾಗಿ ಅಂತ."

"ನಿಂದೇನೂ ತಪ್ಪಿಲ್ಲ. ಕಾಫಿ ಕುಡೀತೀಯಾ?"

"ಚಾ ಇದ್ರ ಛಲೋ ಇತ್ತು."

"ಈ ಮನೇಲಿ ಚಾ ಇಲ್ಲಪ್ಪ. ಕಾಫಿ ಕುಡಿದ್ರೆ ನಿಮ್ಮೂರಲ್ಲಿ ಜಾತಿಯಿಂದ ಹೊರಗೆ ಹಾಕಲ್ಲ ತಾನೆ?"

ಕುಡಿದ. ಕುಡಿಯುತ್ತ ತನ್ನ ತಾಯಿ ಮಾಡುವ ಕುಂಬಳಕಾಯಿ ಗಾರಿಗೆ ಹೇಳಿದ. "ಬೆಲ್ಲದಾಗ ಹಣ್ಣಗೆ ಕುದಿಸಿ, ಅದರಾಗ ಹಿಡದಷ್ಟು ಗೋದಿ ಹಿಟ್ಟು ಕಲಸ್ತಾಳ್ರಿ ನಮ್ಮವ್ವ. ನೀರು ಒಂದ್ ಹನಿ ಹಾಕಂಗಿಲ್ಲ. ಗಸಗಸಿ ಮ್ಯಾಲ ತಟ್ಟಿ ಕರದ್ರ, ವಾರ ಇಟ್ರೂ ಮೆತ್ತಗ ಇರ್ತಾವ." ಹುಳಿ ಮಾಡುತ್ತೇವೆ ಎಂದರೆ ಅವನಿಗೂ ನಿನ್ನ ಹಾಗೇ ಸಂಕಟವಾಯಿತು. ನೀವಿಬ್ಬರೂ ಒಂದೇ ಪಕ್ಷ.

"ನಮ್ಮಣ್ಣ ಹೇಗಿದ್ದಾನೆ?" ಎಂದು ಕೇಳಿದೆ. ಕೇಳಬಾರದೆಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು.

"ಅರಾಮ್ ಅದಾರ್ರಿ. ಮುಂಜಾನೆ ನಮ್ಮಾಕಿ ಅವರಿಗೆ ಅರ್ಧಾ ಕಪ್ ಚಾ ಕೊಟ್ಟು ಡ್ಯೂಟಿಗೆ ಹೊಕ್ಕಾಳ."

"ಅರ್ಧ ಯಾಕೆ?"

ಅವನು ತನ್ನ ಲೋಟದೊಳಗೆ ನೋಡಿದ. "ಅವರಿಗೆ ಅರ್ಧಾನ ಸೇರತೈತ್ರಿ," ಎಂದು ಹೇಳಿ ಚಾಕು ಸುತ್ತಿಕೊಂಡು ಎದ್ದ.

ಸರಿ. ಮೊದಲು ಅಕ್ಷರದಲ್ಲಿ ಮಿತವ್ಯಯ ಮಾಡಿದೆ, ಈಗ ಚಹಾದಲ್ಲಿ. ಸನ್ಯಾಸ ತೆಗೆದುಕೊಳ್ಳುವ ಯೋಚನೆಯಿದ್ದರೆ ಮುಂಚೆಯೇ ತಿಳಿಸು, ಕಾವಿ ಬಣ್ಣದ ಕಾಯಿ ಹೇಗೂ ಇದೆ.

ತಮಾಷೆ ಸಾಕು. ಆ ಹುಡುಗನನ್ನು ನಾನು ಯಾಕೆ ತಡೆದೆ ಎಂದು ಹೇಳಿಬಿಡುತ್ತೇನೆ. ಇದು ಅಂಗಡಿಯ ಬೀಜವಲ್ಲ. ಅವರು ಹೋಗುವ ಹದಿನೈದು ದಿನ ಮೊದಲು, ಹುಳಿಗೆ ತಂದ ಹೋಳಿನಿಂದ ಬೀಜ ಆರಿಸಿ, ಪೇಪರ್ ಮೇಲೆ ಒಣಗಲು ಹಾಕಿದ್ದರು. "ಇವನ್ನ ತಿನ್ಬೇಡ ಕಣೆ, ಮಳೆಗಾಲಕ್ಕೆ ತಾರಸಿ ಮೇಲೆ ಹಾಕೋಣ" ಎಂದರು. ನಾನು ಬೈದೆ, ತಾರಸಿ ಸೋರುತ್ತದೆ, ಜಿರಲೆ ಬರುತ್ತದೆ, ನಿಮಗೆ ಬೇರೆ ಕೆಲಸವಿಲ್ಲ ಎಂದೆ. ಈ ಜೂನ್‌ನಲ್ಲಿ ಪೇಪರ್ ಪೊಟ್ಟಣ ಕೈಗೆ ಸಿಕ್ಕಿತು. ಒಂಬತ್ತು ಬೀಜ ಇತ್ತು. ಹಾಕಿದೆ. ಎರಡು ಹುಟ್ಟಿತು, ಒಂದು ಉಳಿಯಿತು, ಒಂದೇ ಕಾಯಿ ನಿಂತಿತು. ಅವರು ಹೋದ ಮೇಲೆ ಈ ಮನೆಯಲ್ಲಿ ನಾನು ಒಂದು ದಿನವೂ ಸಿಹಿ ಮಾಡಿಲ್ಲ. ವರ್ಷದ ಕಾರ್ಯ ಅಕ್ಟೋಬರಿನಲ್ಲೇ ಮುಗಿಯಿತು. ನಿನ್ನನ್ನು ಕರೆಯಲಿಲ್ಲ, ಅದು ನನ್ನ ಸಣ್ಣತನ. ಇನ್ನು ಸಿಹಿ ಮಾಡಬಹುದು ಎಂದು ಪುರೋಹಿತರು ಹೇಳಿದರು. ಮೊದಲ ಸಿಹಿ ಈ ಕಾಯಿಯದ್ದೇ ಆಗಲಿ, ನೀನೇ ಒಡೆದು ಕೊಡಲಿ ಎಂದು ನನಗೆ ಆಸೆಯಿತ್ತು. ಅಷ್ಟೇ.

ಈ ಬೆಳಿಗ್ಗೆ ನೋಡಿದರೆ ತೊಟ್ಟಿನ ಬುಡದಲ್ಲಿ ಎಂಟಾಣೆ ಅಗಲ ಮೆತ್ತಗಾಗಿದೆ. ಬೆರಳಿಟ್ಟರೆ ಒಳಗೆ ಹೋಗುತ್ತದೆ. ಇನ್ನು ಹದಿನೈದು ದಿನವೂ ನಿಲ್ಲುವುದಿಲ್ಲ. ನೀನು ಬರದಿದ್ದರೆ ನಾನು ಬೇರೆ ಯಾರಿಂದಲೂ ಒಡೆಸುವುದಿಲ್ಲ, ನಾನೂ ಒಡೆಯುವುದಿಲ್ಲ. ಅದು ಅಲ್ಲೇ ಕೂತು ಕೊಳೆಯಲಿ. ನೋಡುತ್ತ ನಾನೂ ಕೂತಿರುತ್ತೇನೆ.

ಸುಧಾ


ಬಿಳೇಕಹಳ್ಳಿ
6 ಡಿಸೆಂಬರ್ 2025

ಸುಧಾ,

ಇದು ನನ್ನ ಅಕ್ಷರ.

ನೋಡಿದೆಯಲ್ಲ. ಇದಕ್ಕೇ ಸೆಕ್ರೆಟರಿ.

ಬಲಗೈ ನಡುಗುತ್ತದೆ. ಕಾಗದ ಹಿಡಿದರೂ ನಿಲ್ಲದು, ಅದಕ್ಕೇ ಓದಿಸಿಕೊಳ್ಳುವುದು. ಎರಡು ವರ್ಷವಾಗುತ್ತ ಬಂತು. ಪಾರ್ಕಿನ್ಸನ್ ಎಂದರು ಡಾಕ್ಟರು. ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ಸ್ವಲ್ಪ ವಾಸಿ.

ಹನ್ನೊಂದನೇ ದಿನ ಚಾಕು ಎತ್ತಿದಾಗ ಅದರ ತುದಿ ಕುಣಿಯುತ್ತಿತ್ತು. ಕೆಳಗೆ ನಿನ್ನ ಎರಡು ಕೈ ಇತ್ತು. ಹೆದರಿದೆ. ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಅದು. ಊಟಕ್ಕೆ ಕೂತರೆ ಸಾರು ಕಲಸುವಾಗ ಎಲ್ಲರೂ ನೋಡುತ್ತಿದ್ದರು. ಅದಕ್ಕೆ ಹೊರಟೆ.

ಪ್ರಸನ್ನ ಹೋಗಿ ಆಗ ಹನ್ನೊಂದು ದಿನ. ಇದನ್ನೂ ನಿನ್ನ ತಲೆಗೆ ಕಟ್ಟುವುದು ಬೇಡ ಎನ್ನಿಸಿತು. ನೀನು ಮಾತು ಬಿಟ್ಟಾಗ ಒಂದು ಥರ ಅನುಕೂಲವೇ ಆಯಿತು. ಹೇಳುವ ಕೆಲಸ ತಪ್ಪಿತು. ತಪ್ಪು ನನ್ನದು.

ಲೋಟ ಪೂರ್ತಿ ತುಂಬಿದರೆ ಚೆಲ್ಲುತ್ತೇನೆ. ಹೋದ ತಿಂಗಳು ಮೂರು ಪಿಂಗಾಣಿ ಕಪ್ ಬೀಳಿಸಿದೆ. ಅದಕ್ಕೇ ಅರ್ಧ.

ಅವನ ಬೀಜ ಎಂದು ನನಗೆ ಗೊತ್ತಿರಲಿಲ್ಲ. ಕೊಳೆಯಲು ಬಿಡಬೇಡ. ಯಾರಿಂದಲಾದರೂ ಒಡೆಸು. ನನ್ನಿಂದ ಆಗುವುದಿಲ್ಲ ಕಣೆ.

ನರೇಂದ್ರ

(ಆಂಟಿ, ಇದನ್ನ ಪೂರಾ ಅವರ ಬರದಾರ್ರಿ. ಮುಂಜಾನೆ ಏಳಕ್ಕ ಕೂತವರು ಹನ್ನೆರಡಕ್ಕ ಎದ್ದರು. ಐದು ಹಾಳಿ ಹರದ್ರು. ನಾ ಬರೀಲೇನ್ರಿ ಅಂದ್ರ, ಬ್ಯಾಡ, ಅಕಿ ನೋಡಬೇಕು ಅಂದ್ರು.)


ಯಡಿಯೂರು
10 ಡಿಸೆಂಬರ್ 2025, ಬುಧವಾರ

ಅಣ್ಣ,

ನಿನ್ನ ಪತ್ರ ನಿನ್ನೆ ಬಂತು. ಓದಲು ನಲವತ್ತು ನಿಮಿಷ ಹಿಡಿಯಿತು. ಅದರಲ್ಲಿ ಓದಿದ್ದು ಹತ್ತು ನಿಮಿಷ.

ಅಕ್ಷರದ ಬಗ್ಗೆ ನನ್ನ ಅಭಿಪ್ರಾಯ: ಶಾಯಿ ಬಾಟಲಿಗೆ ಬಿದ್ದ ಇರುವೆಯೊಂದು ಎದ್ದು, ಮೈ ಒರೆಸಿಕೊಳ್ಳದೆ, ದೂರು ಕೊಡಲು ಪೊಲೀಸ್ ಸ್ಟೇಷನ್ನಿಗೆ ಹೊರಟ ಹಾಗಿದೆ. ಆದರೂ ಕೆಳಗೆ ಗೆರೆ ಎಳೆದಿದ್ದೀಯ. ಆ ಗೆರೆ ಸೊಟ್ಟಗಿದೆ, ಆದರೆ ಎಳೆದಿದ್ದೀಯ. ಈ ಕಾಗದವನ್ನು ಬೀರುವಿನಲ್ಲಿ, ನನ್ನ ಲಗ್ನಪತ್ರಿಕೆಯ ಕವರಿನ ಜೊತೆ ಇಟ್ಟೆ.

ನನ್ನ ತಪ್ಪನ್ನೂ ದಾಖಲಿಸಬೇಕು. ಆ ದಿನ ನಾನು ನೀನು ಮೆಟ್ಟಿಕೊಂಡ ಚಪ್ಪಲಿ ನೋಡಿದೆ, ಕೈ ನೋಡಲಿಲ್ಲ. ಒಂದು ವರ್ಷ ನಿನ್ನನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಆ ಬೈಗುಳಗಳನ್ನೆಲ್ಲ ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಒಂದೆರಡನ್ನು ಬಿಟ್ಟು. ಎರಡು ವರ್ಷದಿಂದ ಹೇಳದೆ ಇದ್ದುದಕ್ಕೆ ಆ ಒಂದೆರಡು ಇರಲಿ. ರಾಜಶ್ರೀಗೆ ಗೊತ್ತು, ಹನಮಂತನಿಗೆ ಗೊತ್ತು, ಡಾಕ್ಟರಿಗೆ ಗೊತ್ತು, ನನಗೆ ಗೊತ್ತಿಲ್ಲ. ಇನ್ನು ಮೇಲೆ ಡಾಕ್ಟರ ಹತ್ತಿರ ಹೋಗುವಾಗ ನಾನೂ ಬರುತ್ತೇನೆ. ಇದು ಪ್ರಶ್ನೆಯಲ್ಲ.

ನಿನ್ನೆಯೇ ಫೋನ್ ಮಾಡಲು ಹೋದೆ. ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ವರ್ಷದ ಮೇಲೆ ಆಡುವ ಮೊದಲ ಮಾತು ತಂತಿಯ ಮೇಲೆ ಬೇಡ ಎನ್ನಿಸಿತು. ಮೂವತ್ತೊಂದು ವರ್ಷ ನೋಡಿದ್ದೇನೆ, ಮುಖ್ಯವಾದ ಮಾತಿನ ಹೊತ್ತಿಗೇ ಲೈನ್ ಕಟ್ ಆಗುತ್ತದೆ.

ಈಗ ಕುಂಬಳಕಾಯಿ. ಬೆಳಿಗ್ಗೆಯಿಂದ ಕೂತು ನಮ್ಮ ಮನೆತನದ ಕಾನೂನನ್ನು ಮತ್ತೆ ಪರಿಶೀಲಿಸಿದೆ. ಮೊದಲು ಗಂಡಸು ಒಡೆಯಬೇಕು ಎಂದಿದೆ. ಚಾಕುವಿನಿಂದಲೇ ಎಂದು ಎಲ್ಲೂ ಇಲ್ಲ. ಅಮ್ಮ ಹೇಳಿಲ್ಲ, ಅಜ್ಜಿ ಹೇಳಿಲ್ಲ. ಇಷ್ಟು ವರ್ಷ ಎಲ್ಲರೂ ಚಾಕು ಹಿಡಿದದ್ದು ಬರೀ ಅಭ್ಯಾಸ.

ಆದ್ದರಿಂದ ನೀನು ಅದನ್ನು ಬೀಳಿಸತಕ್ಕದ್ದು.

ನಿಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿದೆಯಲ್ಲ, ಅದರ ಮೇಲೆ ಒಗೆದ ದುಪ್ಪಟಿ ಹಾಸುತ್ತೇನೆ. ನೀನು ಎರಡೂ ಕೈಯಲ್ಲಿ ಕಾಯಿ ಎತ್ತಿ ಹಿಡಿ. ಕೈ ನಡುಗಲಿ. ಎಷ್ಟು ಬೇಕಾದರೂ ನಡುಗಲಿ, ಯಾರಿಗೂ ಅವಸರವಿಲ್ಲ. ಆಮೇಲೆ ಬಿಡು. ಬೀಳಿಸುವ ವಿಷಯದಲ್ಲಿ ಸದ್ಯಕ್ಕೆ ನಮ್ಮ ವಂಶದಲ್ಲೇ ನಿನ್ನಷ್ಟು ಅನುಭವಿ ಇನ್ನೊಬ್ಬರಿಲ್ಲ. ಒಂದೇ ತಿಂಗಳಲ್ಲಿ ಮೂರು ಕಪ್. ದೃಷ್ಟಿಗೆ ನೆಲಕ್ಕೆ ಒಡೆಯುವ ಹಾಗಾಯಿತಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ಅದು ಬೂದುಗುಂಬಳ, ಇದು ಸಿಹಿಗುಂಬಳ, ಸುಮ್ಮನೆ ಕೂರಿ ಎಂದು ನಾನು ಹೇಳಿಕೊಳ್ಳುತ್ತೇನೆ. ಎರಡೇ ಹೋಳಾಗಬೇಕು ಎಂಬ ನಿಯಮವೂ ಇಲ್ಲ. ಹದಿನಾರಾಗಲಿ. ಹುಳಿಗೆ ಬೀಳುವ ಹೋಳಿಗೆ ತಾನು ನೇರವಾಗಿದ್ದೇನೆಯೋ ಸೊಟ್ಟಗಿದ್ದೇನೆಯೋ ಎಂಬ ಚಿಂತೆಯಿಲ್ಲ, ಬೆಂದರಾಯಿತು.

ಮೆತ್ತಗಾದ ಜಾಗ ನಾಲ್ಕು ಬೆರಳಷ್ಟಾಗಿದೆ. ಅದನ್ನು ಕೊಯ್ದು ತೆಗೆದರೆ ಉಳಿದದ್ದು ಚೆನ್ನಾಗಿದೆ, ಬಡಿದು ನೋಡಿದೆ. ಇನ್ನು ಕಾಯುವಂತಿಲ್ಲ. ಈ ಭಾನುವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತಕ್ಕೆ ನಾನೇ ಕಾಯಿ ತೆಗೆದುಕೊಂಡು ಆಟೋದಲ್ಲಿ ಬರುತ್ತೇನೆ. ಬೆಳಿಗ್ಗೆ ನಿನಗೆ ವಾಸಿ ಎಂದಿದ್ದೀಯ. ಅಂಚೆಯವರು ಸೋಮಾರಿತನ ಮಾಡಿದರೆ ಈ ಕಾಗದಕ್ಕಿಂತ ಮೊದಲು ಕುಂಬಳಕಾಯಿ ತಲುಪೀತು, ಗಾಬರಿಯಾಗಬೇಡ.

ತೊಗರಿಬೇಳೆ, ಹುಳಿಪುಡಿ, ತುಪ್ಪ, ಏಲಕ್ಕಿ ಎಲ್ಲ ತರುತ್ತೇನೆ. ಗಾರಿಗೆಯ ಹೊಣೆ ರಾಜಶ್ರೀಗೆ. ಹಲ್ವ ಮಗುಚಲು ಹನಮಂತನ ತೋಳು ಬೇಕಾಗುತ್ತದೆ, ಎರಡೂವರೆ ಕೆಜಿ ತುರಿಯನ್ನು ಬಿಡದೆ ಮುಕ್ಕಾಲು ಗಂಟೆ ಕೈಯಾಡಿಸಬೇಕು. ಅಂದು ಅವರಿಬ್ಬರಿಗೂ ಬೇರೆ ಕೆಲಸ ಇಟ್ಟುಕೊಳ್ಳಬೇಡಿ ಎಂದು ಹೇಳು. ಹುಳಿಗೆ ಬೆಲ್ಲ ಎರಡು ಚೂರು ಹಾಕುತ್ತೇನೆ. ಮೂರಕ್ಕೆ ಬಾಯಿ ತೆರೆಯಬೇಡ. ಊಟಕ್ಕೆ ನಿನಗೆ ಎಲೆ ಬೇಡ, ಅಂಚಿರುವ ದೊಡ್ಡ ಬಟ್ಟಲು ತರುತ್ತೇನೆ. ನನಗೂ ಅದರಲ್ಲೇ. ನಾಲ್ಕು ಜನವೂ ಬಟ್ಟಲಲ್ಲೇ ತಿನ್ನೋಣ, ಏನಂತೆ.

ಒಂದು ಉಪಕಾರ ಮಾಡು. ಹತ್ತು ಗಂಟೆಗೆ ಮೊದಲೇ ನಿಮ್ಮ ಗೇಟಿನ ಚಿಲಕ ಯಾರಿಂದಲಾದರೂ ತೆಗೆಸಿ, ಬಾಗಿಲಿಗೊಂದು ಕಲ್ಲು ಒತ್ತಿಡಿಸು. ನನ್ನ ಎರಡು ಕೈಯೂ ಖಾಲಿ ಇರುವುದಿಲ್ಲ.

ಸುಧಾ